ಒಂಬತ್ತು ಇಂಚು ಮೇಲೆ

“ಥೂ! ಇದನ್ನ ಬರೆಯೋಕೆ ನಿನಗೆ ಮನಸ್ಸಾದರೂ ಹೇಗೆ ಬಂತು?”

ಅತ್ತೆ ಎಸೆದ ನಾಲ್ಕು ಹಾಳೆಗಳು ಊಟದ ಮೇಜಿನ ಮೇಲೆ ಜಾರಿದವು. ಒಂದು ಹಾಳೆ ಸೊಸೆಯ ಕಾಲ ಬಳಿ ಬಿತ್ತು. ಬೆಳಗಿನ ಹನ್ನೊಂದು ಗಂಟೆ. ಸಂಜೆ ಐದಕ್ಕೆ ಅರ್ಜಿಯ ಗಡುವು. ಸಿವಿಲ್ ಮತ್ತು ಪರಿಸರ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಗೆ ಅವಳು ಹಾಕುತ್ತಿದ್ದ ಅರ್ಜಿ ಅದು. ಅಂಕಪಟ್ಟಿ ಸೇರಿತ್ತು, ಇಬ್ಬರು ಪ್ರಾಧ್ಯಾಪಕರ ಶಿಫಾರಸು ಪತ್ರಗಳು ಸೇರಿದ್ದವು. ಬಾಕಿ ಉಳಿದದ್ದು ಎರಡೇ. ಈ ವಿಷಯವನ್ನು ಏಕೆ ಓದಬಯಸುತ್ತೀರಿ ಎಂಬ ಪ್ರಶ್ನೆಗೆ ಉತ್ತರವಾಗಿ ಬರೆದ ಈ ನಾಲ್ಕು ಪುಟದ ಪ್ರಬಂಧ, ಮತ್ತು ಕೆಲಸದಲ್ಲಿ ಮೇಲಧಿಕಾರಿಯಾಗಿದ್ದವರ ಮೂರನೇ ಪತ್ರ. ಆ ಮೇಲಧಿಕಾರಿ ಬೇರೆ ಯಾರೂ ಅಲ್ಲ, ಎದುರಿನ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದ ಮಾವ. ಜಲಮಂಡಳಿಯ ಮುಖ್ಯ ಇಂಜಿನಿಯರ್ ಆಗಿ ಮೂರು ವರ್ಷದ ಹಿಂದೆ ನಿವೃತ್ತರಾದವರು. ಸೊಸೆ ಮದುವೆಗೆ ಮುಂಚೆ ಒಂದು ವರ್ಷ ಅವರ ಕೈಕೆಳಗೆ ಕೆಲಸ ಕಲಿತಿದ್ದಳು. ಮೂರೂ ಪತ್ರ ಸೇರದೆ ಅರ್ಜಿಯನ್ನು ಕಂಪ್ಯೂಟರ್ ತೆಗೆದುಕೊಳ್ಳುವುದೇ ಇಲ್ಲ.

“‘ನಮ್ಮಪ್ಪ ಬೀದಿಗೆ ನೀರು ಬಿಡೋ ವಾಲ್ವ್‌ಮನ್ ಆಗಿದ್ದ, ಅವನ ಕೈಯಿಂದಾದ ತಪ್ಪಿಗೆ ಏಳು ಜನ ಸತ್ತರು’ ಅಂತೆ... ಇದನ್ನ ಕಂಡು ಕೇಳರಿಯದವರಿಗೆಲ್ಲ ಬರೆದು ಕಳಿಸ್ತಾಳಂತೆ! ಮದುವೆ ಆದ ಎರಡು ವರ್ಷದಿಂದ ನಾನು ಊರವರ ಬಾಯಿ ಮುಚ್ಚಿಸ್ತಾ ಇದ್ದೀನಿ. ಇವಳು ನೋಡಿದ್ರೆ ತಾನಾಗಿ ಡಂಗುರ ಹೊಡೀತಾಳೆ!”

ಅತ್ತೆ ಊರವರ ಬಾಯಿ ಮುಚ್ಚಿಸಿದ್ದು ಶುದ್ಧ ಸುಳ್ಳು. ಊರವರು ಎಂದೋ ಮರೆತಿದ್ದರು. ಮರೆಯದೆ ಜೋಪಾನ ಮಾಡಿದ್ದವರು ಈಕೆ ಒಬ್ಬರೇ! ಸೊಸೆ ಅಡುಗೆಮನೆಯ ನಲ್ಲಿ ತಿರುಗಿಸಿದರೆ, “ತಿರುಗಿಸೋದು ನಿಮ್ಮ ಮನೆತನದ ಕಸುಬು ತಾನೆ, ನೋಡ್ಕೊಂಡು ತಿರುಗಿಸು” ಎಂಬ ಚುಚ್ಚು. ಮನೆಗೆ ಬಂದವರು ನೀರು ಕೇಳಿದರೆ, “ಇರಿ, ನಾನೇ ತರ್ತೀನಿ, ಅವಳ ಕೈಗೆ ಬೇಡ” ಎಂಬ ನಗು. ಸೊಸೆ ಹಲ್ಲು ಕಚ್ಚಿ ಸಹಿಸಿದ್ದಳು. ಸಹಿಸದೆ ಏನು ಮಾಡುವುದು? ತಾನೂ ಅದನ್ನೇ ನಂಬಿದ್ದಳಲ್ಲ!

ಹನ್ನೊಂದು ವರ್ಷದ ಹಿಂದೆ ಅವಳು ಶಾಲೆಯ ಹುಡುಗಿ. ಒಂದು ಬೆಳಿಗ್ಗೆ ಪರೀಕ್ಷೆಗೆ ತಡವಾಯಿತೆಂದು ಅವಳು ಅತ್ತಾಗ, ಅಪ್ಪ ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಆಮೇಲೆ ಕೆಳಗಿನ ಬೀದಿಯ ವಾಲ್ವ್ ತೆರೆಯಲು ಹೋದ. ಇಪ್ಪತ್ತು ನಿಮಿಷ ತಡವಾಗಿತ್ತು. ಕೆಲವು ವಾರಗಳಲ್ಲಿ ಆ ಬೀದಿಯ ಮನೆಮನೆಯಲ್ಲಿ ಕಾಮಾಲೆ. ಏಳು ಜನ ಸತ್ತರು, ಅದರಲ್ಲಿ ಮೂರು ಮಕ್ಕಳು. ತನಿಖಾ ವರದಿಯಲ್ಲಿ ಬಂದದ್ದು ಇಷ್ಟೇ. ವಾಲ್ವ್‌ಮನ್ ಹೊತ್ತಿಗೆ ಸರಿಯಾಗಿ ನೀರು ಬಿಡದೆ ಪೈಪು ಖಾಲಿ ಉಳಿಯಿತು, ಖಾಲಿ ಪೈಪು ಚರಂಡಿ ನೀರನ್ನು ಎಳೆದುಕೊಂಡಿತು. ಅಪ್ಪನ ಕೆಲಸ ಹೋಯಿತು. ಜನ ಮನೆಯ ಮುಂದೆ ನಿಂತು ಉಗಿದರು. ತನ್ನ ಅಳುವಿನಿಂದ ಆದ ತಡ ಅದು ಎಂದು ಹುಡುಗಿ ಯಾರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡಳು. ನೀರಿನ ವಿಷಯವನ್ನೇ ಓದುತ್ತೇನೆ ಎಂದು ಹಟ ಹಿಡಿದದ್ದು ಅದಕ್ಕೇ. ಆ ಹಟಕ್ಕೆ ಬೆನ್ನೆಲುಬಾಗಿ ನಿಂತವರು ಸ್ವತಃ ಮುಖ್ಯ ಇಂಜಿನಿಯರ್! ಪುಸ್ತಕ ಕೊಟ್ಟರು, ಕಾಲೇಜಿಗೆ ಸೇರಿಸಿದರು, ಕೊನೆಗೆ ಮಗನಿಗೇ ತಂದುಕೊಂಡರು. ವಾಲ್ವ್‌ಮನ್ ಮಗಳನ್ನು ಸೊಸೆ ಮಾಡಿಕೊಂಡ ದೊಡ್ಡ ಮನುಷ್ಯ ಎಂದು ಊರೆಲ್ಲ ಕೊಂಡಾಡಿತು.

ಆ ದೊಡ್ಡ ಮನುಷ್ಯ ಈಗ ಪತ್ರಿಕೆಯಿಂದ ತಲೆ ಎತ್ತದೆ ಮೆಲ್ಲಗೆ ಹೇಳಿದರು:

“ಕೂಗಾಡಬೇಡವೇ. ನೋಡಮ್ಮ, ಆ ಮೂರನೇ ಪ್ಯಾರಾ ತೆಗೆದುಬಿಡು. ನಾನು ಮಧ್ಯಾಹ್ನಾನೇ ಪತ್ರ ಕಳಿಸ್ತೀನಿ.”

“ಅದನ್ನ ತೆಗೆದರೆ ಇನ್ನೇನು ಉಳಿಯುತ್ತೆ ಮಾವ? ನಾನು ಈ ಓದಿಗೆ ಬಂದಿದ್ದೇ ಅದಕ್ಕೆ. ಸುಳ್ಳು ಹೇಳಿ ಸೀಟು ತಗೊಳ್ಳಲಾ?”

ಅವಳು ಬಗ್ಗಿ ಕಾಲ ಬಳಿಯ ಹಾಳೆಯನ್ನು ಎತ್ತಿಕೊಂಡಳು. ಹಿಂದಿನ ದಿನ ತಿದ್ದಿಕೊಡಿ ಎಂದು ಮಾವನ ಕೈಗೆ ಕೊಟ್ಟಿದ್ದಳು. ಅಲ್ಲಲ್ಲಿ ಕೆಂಪು ಪೆನ್ಸಿಲಿನ ಗುರುತು. ತಿದ್ದುವುದರಲ್ಲಿ ಮಾವ ಪ್ರಸಿದ್ಧರು. ಹೋಟೆಲಿನ ಬೋರ್ಡು ತಪ್ಪಿದ್ದರೆ ಒಳಗೆ ಹೋಗಿ ಹೇಳಿ ಬರುತ್ತಿದ್ದರು. ಮಗನ ಮದುವೆಯ ಆಮಂತ್ರಣ ಪತ್ರಿಕೆಯಲ್ಲೇ ಮೂರು ತಪ್ಪು ಗುರುತು ಹಾಕಿ ನೆಂಟರಿಗೆ ಹಂಚಿದ ಮಹಾರಾಯರು. ಸೊಸೆ ಮೂರನೇ ಪ್ಯಾರಾಕ್ಕೆ ಬಂದಳು. “ಕುಡಿಯುವ ನೀರಿನ ಪೈಪಿನ ಕೆಳಗೆ ಒಳಚರಂಡಿ ಪೈಪು ಹಾದುಹೋಗಿತ್ತು” ಎಂದು ವರದಿಯಲ್ಲಿ ಇದ್ದ ಹಾಗೆಯೇ ಬರೆದಿದ್ದಳು. ‘ಕೆಳಗೆ’ ಎಂಬ ಪದಕ್ಕೆ ಕೆಂಪು ಗೆರೆ ಬಿದ್ದಿತ್ತು. ಅದರ ನೆತ್ತಿಯ ಮೇಲೆ ಮಾವನ ಮುದ್ದಾದ ಅಕ್ಷರದಲ್ಲಿ ‘ಮೇಲೆ, ಒಂಬತ್ತು ಇಂಚು’ ಎಂದಿತ್ತು.

ಎರಡು ಸಲ ಓದಿದಳು. ಮೂರನೇ ಸಲ ಓದಿ ತಲೆ ಎತ್ತಿದಳು.

“ಮಾವ... ಇದೇನಿದು?”

“ಯಾವುದಮ್ಮ?”

“ನಾನು ಕೆಳಗೆ ಅಂತ ಬರೆದಿದ್ದೆ. ನೀವು ಮೇಲೆ ಅಂತ ತಿದ್ದಿದ್ದೀರಿ.”

ಪತ್ರಿಕೆಯ ಹಾಳೆ ಮಗುಚುವ ಸದ್ದು ನಿಂತಿತು.

“ಅದಾ... ಏನೋ ಕೈತಪ್ಪಿ...”

“ನಿಮ್ಮ ಕೈ ತಪ್ಪಲ್ಲ ಮಾವ! ಅಳತೆ ಬೇರೆ ಹಾಕಿದ್ದೀರಿ. ಆ ಪೈಪನ್ನ ಯಾರೂ ಪೂರ್ತಿ ಅಗೆದು ನೋಡಲೇ ಇಲ್ಲ. ಹೊಸ ಲೈನ್ ಹಾಕಿ ಹಳೇದನ್ನ ಮಣ್ಣಲ್ಲೇ ಬಿಟ್ಟರು. ಹಾಗಿದ್ದ ಮೇಲೆ ಒಂಬತ್ತು ಇಂಚು ಅಂತ ನಿಮಗೆ ಹೇಗೆ ಗೊತ್ತು?”

ಪಾಪ, ಬೇಕೆಂದು ತಿದ್ದಿದ್ದಲ್ಲ. ಕೈಯಲ್ಲಿ ಪೆನ್ಸಿಲ್ ಇತ್ತು, ಕಣ್ಣ ಮುಂದೆ ತಪ್ಪು ಮಟ್ಟ ಇತ್ತು. ನಲವತ್ತು ವರ್ಷ ನಕ್ಷೆ ತಿದ್ದಿದ ಕೈ ಯಜಮಾನರನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತ್ತು. ಏಳು ಜನರ ಸಾವನ್ನು ಹನ್ನೊಂದು ವರ್ಷ ಹೊಟ್ಟೆಯಲ್ಲಿ ಬಚ್ಚಿಡಲು ಬಂದವರಿಗೆ ಒಂದು ತಪ್ಪು ಅಳತೆಯನ್ನು ಹಾಗೇ ಬಿಡಲು ಬರಲಿಲ್ಲ!

“ಆ ಪೈಪಿನ ನಕ್ಷೆ ಯಾರು ಮಾಡಿದ್ದು ಮಾವ?”

“ಯಾರು ಮಾಡಿದರೆ ಇವಳಿಗೇನಂತೆ! ದೊಡ್ಡವರನ್ನ ಹೀಗಾ ಕೇಳೋದು...” ಎಂದು ಅತ್ತೆ ಬಾಯಿ ಹಾಕಿದರು.

“ನಾನೇ,” ಎಂದರು ಮಾವ.

ಅತ್ತೆ ಸೊಸೆಯನ್ನು ಬಿಟ್ಟು ಯಜಮಾನರ ಕಡೆ ತಿರುಗಿದರು.

“ಹಳೇ ದಾಖಲೆಯಲ್ಲಿ ಚರಂಡಿ ಪೈಪಿನ ಮಟ್ಟ ಅಂತ ಒಂದು ಸಂಖ್ಯೆ ಇತ್ತು. ಅದು ಪೈಪಿನ ತಳದ ಮಟ್ಟ. ನಾನು ನೆತ್ತಿಯ ಮಟ್ಟ ಅಂದ್ಕೊಂಡೆ. ಅದಕ್ಕಿಂತ ಆರು ಇಂಚು ಮೇಲೆ, ಪಕ್ಕದಲ್ಲೇ ನೀರಿನ ಪೈಪು ಹಾಕಿಸಿದೆ. ಚರಂಡಿ ಪೈಪು ಹದಿನೈದು ಇಂಚಿನದು...”

“ಅದರ ನೆತ್ತಿ ನೀರಿನ ಪೈಪಿಗಿಂತ ಒಂಬತ್ತು ಇಂಚು ಮೇಲೇ ಉಳೀತು,” ಎಂದು ಸೊಸೆ ಲೆಕ್ಕ ಮುಗಿಸಿದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಅಂದರೆ ನೀರು ನಿಂತಾಗಲೆಲ್ಲ, ದಿನಾ, ಚರಂಡಿ ಅದರ ಮೇಲೆ ಸೋರ್ತಾನೇ ಇತ್ತು. ನಿಮಗೆ ಯಾವಾಗ ಗೊತ್ತಾಯ್ತು?”

“ಜನ ಕಾಯಿಲೆ ಬಿದ್ದ ಮೂರನೇ ದಿನ. ಒಂದು ಕಡೆ ಗುಂಡಿ ತೋಡಿಸಿ ನೋಡಿದೆ... ಮತ್ತೆ ಮುಚ್ಚಿಸಿದೆ.”

“ವರದಿ?”

“ಅದಾದ ಮೇಲೆ... ಎರಡು ತಿಂಗಳಿಗೆ.”

“ಎರಡು ತಿಂಗಳು! ಆ ತನಿಖಾ ಸಮಿತಿಯಲ್ಲಿ ನೀವೇ ಇದ್ರಿ! ನಮ್ಮಪ್ಪ ಕೈಕಟ್ಟಿ ನಿಮ್ಮ ಮುಂದೆ ನಿಂತು, ತಪ್ಪಾಯ್ತು ಸಾಹೇಬ್ರೇ, ಮಗಳನ್ನ ಶಾಲೆಗೆ ಬಿಟ್ಟು ಬಂದೆ ಅಂತ ಅತ್ತಾಗ ನೀವು ಅದನ್ನ ಬರ್ಕೊಂಡ್ರಿ! ಅದಕ್ಕೇನಾ ನನ್ನ ಓದಿಸಿದ್ದು? ಅದಕ್ಕೇನಾ ಈ ಮನೆಗೆ ತಂದ್ಕೊಂಡಿದ್ದು?”

“ಆದ ತಪ್ಪನ್ನ ನನ್ನ ಕೈಲಾದಷ್ಟು ಸರಿ ಮಾಡೋಣ ಅಂತ...”

“ಸರಿ ಮಾಡಿದ್ದು ಯಾರಿಗೆ? ನನಗೆ! ನಾನೇನು ಕಳಕೊಂಡಿದ್ದೆ? ಕಳಕೊಂಡವರು ನಮ್ಮಪ್ಪ! ಹನ್ನೊಂದು ವರ್ಷದಲ್ಲಿ ಒಂದು ದಿನ ಅವರ ಹತ್ತಿರ ಹೋಗಿ ಒಂದು ಮಾತು ಹೇಳೋಕೆ ನಿಮಗೆ ಕಾಲು ಬರಲಿಲ್ಲ!”

ಅಂಗಡಿಗೆ ಹೊರಟಿದ್ದ ಗಂಡ ಬಾಗಿಲಲ್ಲೇ ನಿಂತಿದ್ದ. ಕನ್ನಡಕದ ವ್ಯಾಪಾರಿ. ಊರಿನವರಿಗೆಲ್ಲ ಕಣ್ಣು ಸರಿಮಾಡಿಕೊಡುವ ಈ ಪುಣ್ಯಾತ್ಮ ಮನೆಯಲ್ಲಿ ಮಾತ್ರ ಏನನ್ನೂ ನೋಡಿದವನಲ್ಲ.

“ನೋಡು, ಕೋಪ ಮಾಡ್ಕೋಬೇಡ,” ಎಂದ. “ಅಪ್ಪ ಮೊದಲು ಪತ್ರ ಬರೀಲಿ. ಐದು ಗಂಟೆ ಕಳೀಲಿ. ಉಳಿದಿದ್ದನ್ನ ನಿಧಾನವಾಗಿ ಕೂತು ಮಾತಾಡೋಣ.”

“ಹೌದಮ್ಮ,” ಮಾವ ಆ ಮಾತಿಗೆ ಜೋತುಬಿದ್ದರು. “ಯಾವ ವಿಶ್ವವಿದ್ಯಾಲಯವೂ ಬೇಡ ಅನ್ನಬಾರದು, ಅಂಥ ಪತ್ರ ಬರೀತೀನಿ. ಆ ಪ್ಯಾರಾ ಒಂದು ಬೇಡ. ಈ ವಯಸ್ಸಿನಲ್ಲಿ ನನ್ನ ಹೆಸರು...”

“ನಿಮ್ಮ ಹೆಸರು!” ಎಂದಳು ಸೊಸೆ.

ಆಗ ಅತ್ತೆ ಎದ್ದರು. ಇನ್ನು ಸೊಸೆಗೆ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡು ಗಂಡ ಹಿಂದಕ್ಕೆ ಸರಿದ. ಆಕೆ ಸೊಸೆಯತ್ತ ತಿರುಗಿಯೂ ನೋಡಲಿಲ್ಲ. ನೇರ ಯಜಮಾನರ ಮುಂದೆ ಹೋಗಿ ಪತ್ರಿಕೆಯನ್ನು ಕಿತ್ತು ನೆಲಕ್ಕೆ ಹಾಕಿದರು.

“ಹನ್ನೊಂದು ವರ್ಷ... ಆ ಮನುಷ್ಯನ್ನ ನಾನು ಬಾಯಿಗೆ ಬಂದ ಹಾಗೆ ಅಂದಿದ್ದೀನಿ. ಊರಿಗೆ ಕಾಮಾಲೆ ಹಂಚಿದವನು ಅಂದೆ. ಮಕ್ಕಳನ್ನ ತಿಂದವನು ಅಂದೆ. ಇದೇ ಮೇಜಿನ ಮುಂದೆ! ನೀವು ಪಕ್ಕದಲ್ಲಿ ಕೂತು ಊಟ ಮಾಡ್ತಿದ್ರಿ! ಒಂದು ದಿನ, ಒಂದೇ ಒಂದು ದಿನ, ಸಾಕು ಸುಮ್ಮನಿರೇ ಅಂದ್ರಾ? ಇನ್ನೊಂದು ತುತ್ತು ಬಡಿಸು ಅಂದ್ರಿ! ನಿಮ್ಮ ಪಾಪಾನೆಲ್ಲ ನನ್ನ ನಾಲಿಗೆ ಮೇಲೆ ಹೊರಿಸಿ ಹಾಯಾಗಿ ಕೂತ್ರಲ್ಲ!”

“ಲೇ, ಮಗನ ಮುಂದೆ...”

“ಮಗನ ಮುಂದೆ, ಸೊಸೆ ಮುಂದೆ, ಬೀದೀಲಿ ನಿಂತು ಬೇಕಾದರೂ ಹೇಳ್ತೀನಿ! ಏಳಿ. ಚಪ್ಪಲಿ ಹಾಕ್ಕೊಳ್ಳಿ. ಹೋಗಿ ಅವರಿಗೆ ಹೇಳಿ.”

ಮಾವ ಏಳಲಿಲ್ಲ. ತಲೆಸುತ್ತು ಎಂದರು, ಮಲಗುವ ಕೋಣೆಗೆ ಹೋಗಿ ಅಗಳಿ ಹಾಕಿಕೊಂಡರು. ಊಟಕ್ಕೂ ಬರಲಿಲ್ಲ. ಗಂಡ ಎರಡು ಸಲ ಬಾಗಿಲು ತಟ್ಟಿ, ಕೊನೆಗೆ ಗಿರಾಕಿಗಳು ಕಾಯುತ್ತಿದ್ದಾರೆಂದು ಅಂಗಡಿಗೆ ಹೋದ. ಅತ್ತೆ ಮಾತ್ರ ಆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕುಳಿತವರು ಕದಲಲಿಲ್ಲ. “ನೀವು ಯಾವತ್ತಾದರೂ ಈಚೆ ಬರಲೇಬೇಕಲ್ಲ, ನಾನು ಇಲ್ಲೇ ಇರ್ತೀನಿ” ಎಂದು ಆಗಾಗ ಬಾಗಿಲಿಗೆ ಹೇಳುತ್ತಿದ್ದರು. ಸೊಸೆಗೆ ಸಮಾಧಾನದ ಒಂದು ಮಾತು ಆಡಲಿಲ್ಲ. ಊಟ ಬಡಿಸಿದಾಗ ತಟ್ಟೆಯನ್ನು ಅವಳ ಮುಂದೆ ಕುಕ್ಕಿ, “ತಿನ್ನು, ಹಸಿದ ಹೊಟ್ಟೇಲಿ ಜಗಳ ಆಡೋಕಾಗಲ್ಲ” ಎಂದರು ಅಷ್ಟೇ. ಮೂರೂಕಾಲು ಗಂಟೆಗೆ ಅಗಳಿ ತೆಗೆದ ಸದ್ದಾಯಿತು.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅಪ್ಪನ ನಲ್ಲಿ ರಿಪೇರಿ ಅಂಗಡಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಗೋಡೆಯ ಮೊಳೆಗಳಲ್ಲಿ ಅಳತೆಯ ಪ್ರಕಾರ ರಬ್ಬರ್ ವಾಷರ್‌ಗಳು, ಕೆಳಗೆ ತುಕ್ಕು ಹಿಡಿದ ನಲ್ಲಿಗಳ ರಾಶಿ. ಮೂವರನ್ನು ಕಂಡದ್ದೇ ತಡ ಅಪ್ಪ ಗಾಬರಿಯಿಂದ ಎದ್ದು ಹೆಗಲ ಬಟ್ಟೆಯಲ್ಲಿ ಸ್ಟೂಲು ಒರೆಸಿದ.

“ಸಾಹೇಬ್ರೇ! ಅಮ್ಮಾವ್ರೇ! ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆನಲ್ಲ... ಏನಮ್ಮ, ಅರ್ಜಿ ಹೋಯ್ತಾ?”

ಮಗಳು ಮಾವನ ಕಡೆ ನೋಡಿದಳು. ಮಾವ ಕೂರಲಿಲ್ಲ. ನಿಂತೇ, ನೆಲ ನೋಡುತ್ತಾ, ಎಲ್ಲವನ್ನೂ ಹೇಳಿದರು. ತಳದ ಮಟ್ಟ, ನೆತ್ತಿಯ ಮಟ್ಟ, ಮುಚ್ಚಿಸಿದ ಗುಂಡಿ, ವರದಿ. ಅಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲು ಮರೆತು ಕೇಳಿದ.

“ಹಂಗಾದ್ರೆ... ಆ ಇಪ್ಪತ್ತು ನಿಮಿಷ?”

“ಆ ಪೈಪು ದಿನಕ್ಕೆ ಇಪ್ಪತ್ತು ಗಂಟೆ ಖಾಲೀನೇ ಇರ್ತಿತ್ತು ಬೀಗ್ರೇ. ನೀವು ಹೊತ್ತಿಗೆ ಮುಂಚೆ ಬಂದಿದ್ರೂ ಅವರು ಸಾಯ್ತಿದ್ರು. ನಿಮ್ಮದೇನೂ ತಪ್ಪಿಲ್ಲ.”

ಅಪ್ಪ ಕೂಗುತ್ತಾನೆ, ಅಳುತ್ತಾನೆ, ಆ ಸ್ಪ್ಯಾನರ್ ಎತ್ತಿ ಹೊಡೆಯುತ್ತಾನೆ ಎಂದು ಮಗಳು ಕಾದಳು. ಹೊಡೆದಿದ್ದರೆ ಅವಳು ತಡೆಯುತ್ತಿರಲಿಲ್ಲ!

“ಆರು ವರ್ಷ ಮುಂಚೆ ಬರಬೇಕಾಗಿತ್ತು ನೀವು,” ಎಂದ ಅಪ್ಪ. “ಇವಳ ಅಮ್ಮ ಇದ್ದಾಗ.” ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. “ಆ ಬೀದೀಲಿ ಸತ್ತ ಮಕ್ಕಳಲ್ಲಿ ಒಂದು ಅವಳ ತಂಗಿ ಮಗು. ಅವತ್ತಿಂದ ನನ್ನ ಹತ್ತಿರ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ, ಮಾತಿಲ್ಲ. ಸಾಯೋ ದಿನ ಬಾಯಾರಿಕೆ ಅಂತ ಒದ್ದಾಡ್ತಿದ್ದಳು. ಇವಳು ಕಾಲೇಜಿನ ಹಾಸ್ಟೆಲ್‌ನಲ್ಲಿ. ನಾನು ಲೋಟ ಹಿಡ್ಕೊಂಡು ಹೋದೆ. ಮುಖ ತಿರುಗಿಸಿ, ‘ನಿನ್ನ ಕೈ ನೀರು ನನಗೆ ಬೇಡ’ ಅಂದಳು... ಪಕ್ಕದ ಮನೆಯವರನ್ನ ಕರಕೊಂಡು ಬಂದು ಕುಡಿಸಿದೆ. ನಾನು ಹೊರಗೆ ನಿಂತಿದ್ದೆ ಸಾಹೇಬ್ರೇ. ಅವಳು ಅಂದಿದ್ದು ಸರಿ ಅಂದ್ಕೊಂಡೇ ನಿಂತಿದ್ದೆ.”

ಮಗಳಿಗೆ ಇದು ಗೊತ್ತಿರಲಿಲ್ಲ. ಅಪ್ಪ ಎಂದೂ ಹೇಳಿರಲಿಲ್ಲ. ಮಾವ ಸ್ಟೂಲಿನ ಮೇಲೆ ಕುಸಿದರು. ಮೂಲೆಯಲ್ಲಿ ನೀರಿನ ಹೂಜಿ, ಅದರ ಮೇಲೆ ಕವುಚಿದ ಸ್ಟೀಲ್ ಲೋಟ ಇತ್ತು. ಅತ್ತೆ ಅದನ್ನೇ ನೋಡುತ್ತಿದ್ದವರು ಒರಟಾಗಿ ಕೇಳಿದರು:

“ನನಗೆ ಬಾಯಾರಿದೆ. ಒಂದು ಲೋಟ ನೀರು ಕೊಡಿ.”

“ಅಮ್ಮಾವ್ರೇ... ಎದುರಿನ ಹೋಟೆಲಿಂದ ತರ್ತೀನಿ...”

“ಹೋಟೆಲಿನದು ಯಾರಿಗೆ ಬೇಕು? ನಿಮ್ಮ ಕೈಯಾರೆ ಕೊಡಿ ಅಂದೆ.”

ಅಪ್ಪ ಲೋಟ ತುಂಬಿ ಚಾಚುವಷ್ಟರಲ್ಲಿ ಅರ್ಧ ನೀರು ಚೆಲ್ಲಿತು. ಉಳಿದ ಅರ್ಧವನ್ನು ಅತ್ತೆ ಗಟಗಟನೆ ಕುಡಿದು, ಸೆರಗಿನಿಂದ ಬಾಯಿ ಒರೆಸುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡರು. ಎರಡು ವರ್ಷ ಚುಚ್ಚಿದ್ದು ಒಂದು ಲೋಟದಲ್ಲಿ ಹೋಗುತ್ತದೆಯೇ? ಇಲ್ಲ. ಸೊಸೆಯ ಮನಸ್ಸೇನೂ ಅಲ್ಲಿಗಲ್ಲಿಗೇ ತಿಳಿಯಾಗಲಿಲ್ಲ.

ಗಂಟೆ ನಾಲ್ಕು ಹತ್ತು. ಮಾವ ಜೇಬಿನಿಂದ ಮೊಬೈಲ್ ತೆಗೆದರು.

“ಇನ್ನೂ ಐವತ್ತು ನಿಮಿಷ ಇದೆ ಕಣಮ್ಮ. ಇಲ್ಲೇ ಕೂತು ಪತ್ರ ಬರೀತೀನಿ. ನಿನ್ನ ಪ್ಯಾರಾನೂ ಇರಲಿ, ನಿಜಾನೇ ಬರೆದುಕೊ.”

ಅವಳು ಆ ಮೊಬೈಲನ್ನು ನೋಡಿದಳು. ಐದು ವರ್ಷದಿಂದ ಕಂಡ ಕನಸು ಅದರೊಳಗೆ ಇತ್ತು, ಒಂದು ಪತ್ರದಷ್ಟು ದೂರದಲ್ಲಿ. ಬೇಕೆಂದು ಮೈಯೆಲ್ಲ ಕೂಗಿತು.

“ಜಲಮಂಡಳಿಯ ಕಚೇರೀನೂ ಐದಕ್ಕೇ ಮುಚ್ಚುತ್ತೆ ಮಾವ,” ಎಂದಳು. “ಇರೋ ಹೊತ್ತಿಗೆ ಒಂದೇ ಪತ್ರ. ಅದು ಅಲ್ಲಿಗೆ ಹೋಗಬೇಕು.”

“ಬೇಡಮ್ಮ, ಬೇಡ!” ಅಪ್ಪ ಹೌಹಾರಿದ. “ನಿನ್ನ ಅರ್ಜಿ ಹೋಗಲಿ. ನನ್ನದೇನು, ನಾಳೆ ಕೊಟ್ಟರಾಯ್ತು.”

“ನಾಳೆ ಇವರಿಗೆ ತಲೆಸುತ್ತು ಬರುತ್ತೆ ಅಪ್ಪ. ನಾಡಿದ್ದು ಮಗ ಬಂದು, ಈಗ್ಯಾಕೆ ಅದೆಲ್ಲ ಅಂತಾನೆ. ಪತ್ರ ಬರೆಸಿಕೊಂಡ ಋಣಕ್ಕೆ ನಾನೂ ಸುಮ್ಮನಾಗಿಬಿಡ್ತೀನೇನೋ! ನನಗೇ ನನ್ನ ಮೇಲೆ ನಂಬಿಕೆ ಇಲ್ಲ. ಇವತ್ತೇ ಆಗಬೇಕು.”

ಆಟೋದಲ್ಲಿ ನಾಲ್ವರೂ ಮೈಗೆ ಮೈ ಒತ್ತಿಕೊಂಡು ಕುಳಿತು ಜಲಮಂಡಳಿಯ ಕಚೇರಿ ಮುಟ್ಟಿದರು. ಟಪಾಲು ವಿಭಾಗದ ಗುಮಾಸ್ತ ತನ್ನ ಹಳೆಯ ಸಾಹೇಬರನ್ನು ಕಂಡು ಎದ್ದು ನಿಂತ. ಮಾವ ಒಂದು ಬಿಳಿ ಹಾಳೆ ಕೇಳಿದರು. ಕೌಂಟರಿನ ಮೇಲೆ ಬಗ್ಗಿ, ಒಂದಕ್ಷರವನ್ನೂ ಹೊಡೆದುಹಾಕದೆ ಬರೆದರು, ಸಹಿ ಮಾಡಿದರು. ಗುಮಾಸ್ತ ವಾಡಿಕೆಯಂತೆ ಮೊಹರು ಒತ್ತಿ, ಬಂದ ಪತ್ರಗಳನ್ನು ದಾಖಲಿಸುವ ಆವಕ ಪುಸ್ತಕ ತೆರೆದು, “ವಿಷಯ ಏನಂತ ಹಾಕ್ಲಿ ಸಾರ್?” ಎಂದು ಕೇಳಿದ.

“ವಾಲ್ವ್‌ಮನ್ ತಪ್ಪಿಲ್ಲ ಅಂತ ಹಾಕು. ತಪ್ಪು ಮುಖ್ಯ ಇಂಜಿನಿಯರದು.”

ಗುಮಾಸ್ತ ಪೆನ್ನು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಸೊಸೆ ತನ್ನ ಮೊಬೈಲ್ ನೋಡಿದಳು. ನಾಲ್ಕು ಐವತ್ತೆಂಟು. ಮೂರನೇ ಪತ್ರ ಬಂದಿಲ್ಲ ಎಂದು ಅರ್ಜಿಯ ಪುಟ ಕೆಂಪಕ್ಷರದಲ್ಲಿ ಹೇಳುತ್ತಿತ್ತು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

“ಮುಂದಿನ ವರ್ಷ...” ಎಂದರು ಮಾವ, “ಮುಂದಿನ ವರ್ಷ ನಾನು ಖಂಡಿತ...”

“ಮುಂದಿನ ವರ್ಷ ನಿಮ್ಮನ್ನ ಕೇಳಲ್ಲ.”

ಅಪ್ಪ ಕೌಂಟರಿನ ಹತ್ತಿರ ಸರಿದ. “ಕನ್ನಡಕ ತಂದಿಲ್ಲಪ್ಪ. ಏನು ಬರೆದಿದ್ದಾರೆ ಸ್ವಲ್ಪ ಜೋರಾಗಿ ಓದು,” ಎಂದ.

ಗುಮಾಸ್ತ ಓದಿದ. ಅಕ್ಕಪಕ್ಕದ ಮೇಜಿನವರು ಬ್ಯಾಗು ಹೆಗಲಿಗೇರಿಸಿದವರು ಹಾಗೇ ನಿಂತು ಕೇಳಿದರು. ಅವರಲ್ಲಿ ಇಬ್ಬರು ಅಂದು ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರು, ಆಮೇಲೆ ಬೀದಿಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದವರು. ಓದಿ ಮುಗಿಯಿತು. ಕಚೇರಿಯ ಗಂಟೆ ಹೊಡೆಯಿತು, ಮಗಳ ಕೈಯಲ್ಲಿನ ಮೊಬೈಲಿನ ಪುಟ ಮುಚ್ಚಿಕೊಂಡಿತು.

“ಇನ್ನೊಂದ್ಸಲ ಓದಪ್ಪ,” ಎಂದ ಅಪ್ಪ.

“ಐದಾಯ್ತು ಯಜಮಾನ್ರೇ, ಬಾಗಿಲು ಹಾಕಬೇಕು.”

“ಇನ್ನೊಂದೇ ಸಲ.”

ಗುಮಾಸ್ತ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಹಾಳೆಯನ್ನು ಬೆಳಕಿಗೆ ಹಿಡಿದು, ಮತ್ತೆ ಮೊದಲಿನಿಂದ ಓದತೊಡಗಿದ.